ಐವತ್ತರ ಮೇಲೆ ಹಲ್ಲು ನೆಟ್ಟಗಾದೀತೆ?

“ಮೊಮ್ಮಕ್ಕಳನ್ನು ಕಂಡ ಮೇಲೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡರೆ ಮಂದಿ ನಗೋದಿಲ್ಲೇನ್ರೀ?” ಎಂದು ಕೇಳುವ ಗೃಹಿಣಿಯರಿದ್ದಾರೆ. ಮಗಳ ಹಲ್ಲು ಸೊಟ್ಟಗಿದ್ದರೆ ಮದುವೆಯ ಚಿಂತೆಯಿಂದ ಡಾಕ್ಟರ ಬಳಿಗೆ ಓಡುತ್ತೇವೆ. ತಾಯಿಯ ಹಲ್ಲಾದರೆ “ನಡೀತದ ಬಿಡು” ಎನ್ನುತ್ತೇವೆ, ತಾಯಿಯೂ ಹಾಗೇ ಎನ್ನುತ್ತಾಳೆ.

ಆದರೆ ಇದು ಬರಿಯ ಚೆಲುವಿನ ಮಾತಲ್ಲ. ಒಂದು ದವಡೆ ಹಲ್ಲು ಕೀಳಿಸಿ ಹಾಗೆಯೇ ಬಿಟ್ಟರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ವಸಡು ಸೋತು ಒಳಗಿನ ಎಲುಬು ಸವೆದರೆ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಹರಡುತ್ತವೆ. ಸಂದಿಯಲ್ಲಿ ರೊಟ್ಟಿಯ ಚೂರು, ಶೇಂಗಾ ಹಿಂಡಿ ಸಿಕ್ಕಿಕೊಂಡು ಒಳ್ಳೆಯ ಹಲ್ಲೂ ಹಾಳಾಗುತ್ತದೆ. ಆಮೇಲೆ ಖಡಕ್ ರೊಟ್ಟಿಯ ಆಸೆ ಬಿಟ್ಟು ಗಂಜಿಗೆ ಇಳಿಯಬೇಕು!

ಹಲ್ಲು ಸರಿಸಲು ವಯಸ್ಸು ಅಡ್ಡಿಯಲ್ಲ. ಎಳೆಯರಿಗಿಂತ ತುಸು ನಿಧಾನ, ಅಷ್ಟೆ. ತಂತಿ ಬೇಡವೆನ್ನುವವರಿಗೆ ಈಗ ‘ಅಲೈನರ್’ ಎಂಬ ಪಾರದರ್ಶಕ ಕವಚಗಳು ಬಂದಿವೆ. ಇದನ್ನು ಕಂಪ್ಯೂಟರ್ ಲೆಕ್ಕದಿಂದ ಮಾಡುವ ಕೆಲಸಕ್ಕೆ ಅಮೆರಿಕದ ಅಲೈನ್ ಟೆಕ್ನಾಲಜಿ ಎಂಬ ಕಂಪನಿ 1997ರಲ್ಲಿ ಕೈಹಾಕಿತು. ಬಾಯೊಳಗೆ ಸಣ್ಣ ಸ್ಕ್ಯಾನರ್ ಆಡಿಸಿ ಹಲ್ಲಿನ ಚಿತ್ರ ತೆಗೆಯುತ್ತಾರೆ; ಅಚ್ಚಿನ ಹಿಟ್ಟು ಬಾಯಿಗೆ ತುಂಬಿಸಿಕೊಂಡು ವಾಕರಿಸುವ ಕಷ್ಟವಿಲ್ಲ. ಒಂದೊಂದು ಕವಚವೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ವಾರ, ಎರಡು ವಾರಕ್ಕೊಮ್ಮೆ ಹೊಸದು. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಊಟಕ್ಕೂ ಚಹಾಕ್ಕೂ ತೆಗೆದಿಡಬೇಕು. ಅಡುಗೆಮನೆಯಲ್ಲಿ ಘಳಿಗೆಗೊಮ್ಮೆ ಬಾಯಾಡಿಸುವ ನಮಗೆ ಇದೇ ದೊಡ್ಡ ವ್ರತ. ಬಿಸಿನೀರಲ್ಲಿ ತೊಳೆದರೆ ಕವಚ ಸೊಟ್ಟಗಾಗುತ್ತದೆ, ತಣ್ಣೀರೇ ಸಾಕು. ಖರ್ಚು ಮಾತ್ರ ಲಕ್ಷ ರೂಪಾಯಿ ದಾಟುವುದೂ ಉಂಟು. ತಂತಿಯ ಚಿಕಿತ್ಸೆ ಅಗ್ಗ. ಬಹಳ ಸೊಟ್ಟಗಿರುವ ಹಲ್ಲಿಗೆ ಎಷ್ಟೋ ಸಲ ಅದೇ ಮೇಲು.

ಇದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಸಡು. ರಕ್ತ, ಕೀವು ಬರುವ ವಸಡಿನಲ್ಲಿ ಹಲ್ಲು ಸರಿಸಹೋದರೆ ಇದ್ದ ಹಲ್ಲೂ ಅಲುಗಾಡೀತು. ಮೊದಲು ಸ್ವಚ್ಛ ಮಾಡಿಸಿ, ವಸಡು ಗಟ್ಟಿಯಾಗಲಿ. ತಂಬಾಕು, ಎಲೆಅಡಿಕೆ ಬಿಡಿ. ಸಕ್ಕರೆ ಕಾಯಿಲೆ ಇದ್ದರೆ, ಎಲುಬಿನ ಸವೆತಕ್ಕೆ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ.

ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದಾದ ಕಂದು ಕಲೆ ಅಲೈನರಿನಿಂದ ಹೋಗುವುದಿಲ್ಲ. ಅಂಥ ಹಲ್ಲಿಗೆ ಅಂಟಿಸುವ ಸಾಮಗ್ರಿ ಬೇಗ ಕಳಚುವುದೂ ಉಂಟು, ಮೊದಲೇ ಕೇಳಿಕೊಳ್ಳಿ.

ಡಾಕ್ಟರ ಮುಖವನ್ನೇ ನೋಡದೆ ಅಂಚೆಯಲ್ಲಿ ಕವಚ ತರಿಸಿಕೊಳ್ಳುವ ಗೋಜು ಬೇಡ. ಅಮೆರಿಕದಲ್ಲಿ ಹೀಗೆ ಮಾರುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಜನರ ಚಿಕಿತ್ಸೆ ಅರ್ಧಕ್ಕೇ ನಿಂತಿತು. ಮಲ್ಲಟ, ಮಾನ್ವಿ, ದೇವದುರ್ಗದವರಿಗೆ ರಾಯಚೂರಿನಲ್ಲೇ ನವೋದಯ ಮತ್ತು ಎ.ಎಂ.ಇ. ದಂತ ಕಾಲೇಜುಗಳಿವೆ. ಮೊದಲು ವಸಡಿನ ವಿಭಾಗ, ಆಮೇಲೆ ಹಲ್ಲು ಸರಿಪಡಿಸುವ ವಿಭಾಗ ಕೇಳಿ. ಒಟ್ಟು ಖರ್ಚೆಷ್ಟು, ಎಷ್ಟು ಸಲ ಬಸ್ಸು ಹತ್ತಿ ಬರಬೇಕು, ಕೊನೆಗೆ ಹಲ್ಲು ಹಿಂದೆ ಸರಿಯದಂತೆ ರಾತ್ರಿ ಹಾಕುವ ಕವಚ ಇದರಲ್ಲೇ ಸೇರಿದೆಯೋ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.