48 ಸೆಕೆಂಡ್‌ನ ಕ್ವೆರಿ 1 ಸೆಕೆಂಡ್‌ಗೆ ಇಳಿದದ್ದು ನಿಜಾನಾ? | ಪಾಡ್‌ಕಾಸ್ಟ್ ಬರಹ ರೂಪ

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. ಕ್ಲೌಡ್ ಡೇಟಾ ಸೇವೆಯಲ್ಲಿ ಕ್ವೆರಿಯ ವೇಗವನ್ನು ಅಳೆಯೋದು ಹೇಗೆ ಅಂತ ನಾನು ಕಲಿತದ್ದು ಅದರಿಂದಲೇ.

ಕ್ವೆರಿ ಅಂದ್ರೆ ಡೇಟಾಬೇಸ್‌ಗೆ ನಾವು ಕೇಳೋ ಪ್ರಶ್ನೆ. ಆಗ ನಾನಿದ್ದದ್ದು ಪಾರ್ಸೆಲ್ ಸಾಗಿಸೋ ಒಂದು ಕಂಪನಿಯ ಡೇಟಾ ಟೀಮಲ್ಲಿ. ನಾವು ಬಳಸ್ತಿದ್ದದ್ದು ಗೂಗಲ್‌ನ ಬಿಗ್‌ಕ್ವೆರಿ. ಯಾವ ಗಾಡಿ ಯಾವ ರೂಟ್‌ಗೆ ಹೋಗ್ಬೇಕು ಅಂತ ಬೆಳಗಿನ ಜಾವ ಗೋಡೌನ್‌ನಲ್ಲಿ ನಿರ್ಧಾರ ಮಾಡೋರಿಗಾಗಿ ನಾನು ಒಂದು ಪೇಜ್ ಮಾಡಿದ್ದೆ. ಅದರ ಹಿಂದಿದ್ದ ಕ್ವೆರಿ 48 ಸೆಕೆಂಡ್ ತಗೊಳ್ತಿತ್ತು.

ಒಂದು ಸಂಜೆ ಕೂತು ಕ್ವೆರಿಯ ಸಾಲುಗಳನ್ನು ಅತ್ತಿತ್ತ ಮಾಡಿದೆ. ರನ್ ಮಾಡಿದೆ, 46 ಸೆಕೆಂಡ್. ‘ಮೊದಲ ಸಲ ಅಲ್ವಾ, ನಿಧಾನ ಇರುತ್ತೆ’ ಅಂದ್ಕೊಂಡು ಇನ್ನೊಂದು ಸಲ ಒತ್ತಿದೆ. 1 ಸೆಕೆಂಡ್! ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ದೆ. ಎಲ್ಲರೂ ಚಪ್ಪಾಳೆ ಇಮೋಜಿ ಕಳಿಸಿದ್ರು.

ಮರುದಿನ ಬೆಳಗ್ಗೆ ಗೋಡೌನ್‌ನಿಂದ ಫೋನ್. ‘ಸರ್, ನಿಮ್ಮ ಪೇಜ್ ಓಪನ್ ಆಗೋಷ್ಟರಲ್ಲಿ ನಮ್ಮ ಗಾಡಿ ಹೊರಟೇ ಹೋಗಿರುತ್ತೆ. ನಾವು ಅದನ್ನ ನೋಡೋದೇ ಬಿಟ್ಟಿದೀವಿ.’

ಟೀಮ್‌ನ ಸೀನಿಯರ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಕ್ಯಾಶ್ ಆಫ್ ಮಾಡಿದ್ಯಾ?’ ನನ್ನ ಹತ್ರ ಉತ್ತರ ಇರಲಿಲ್ಲ.

ಮೊದಲು ಕ್ಯಾಶ್ ಆಫ್ ಮಾಡಿ

ಒಮ್ಮೆ ಕೊಟ್ಟ ಉತ್ತರವನ್ನು ಬಿಗ್‌ಕ್ವೆರಿ ಸುಮಾರು 24 ಗಂಟೆ ಎತ್ತಿಟ್ಟುಕೊಳ್ಳುತ್ತೆ. ಅದೇ ಕ್ವೆರಿಯನ್ನು ಅಕ್ಷರ ಬದಲಾಗದಂತೆ ಮತ್ತೆ ಕೇಳಿದ್ರೆ, ಟೇಬಲ್‌ನಲ್ಲೂ ಬದಲಾವಣೆ ಆಗಿಲ್ಲ ಅಂದ್ರೆ, ಹಳೇ ಉತ್ತರವನ್ನೇ ಕೊಡುತ್ತೆ. ಅದಕ್ಕೆ ದುಡ್ಡೂ ಇಲ್ಲ. ದರ್ಶಿನಿಯಲ್ಲಿ ತಟ್ಟೆಗೆ ಹಾಕಿಟ್ಟ ಇಡ್ಲಿ ಕೈಗೆ ಸಿಕ್ಕ ಹಾಗೆ. ಅಡುಗೆಮನೆ ಎಷ್ಟು ಚುರುಕಾಗಿದೆ ಅಂತ ಅದರಿಂದ ಗೊತ್ತಾಗಲ್ಲ.

ನಾನು ಅಳೆದದ್ದು ಆ ಎತ್ತಿಟ್ಟ ಇಡ್ಲಿಯನ್ನ. ರಾತ್ರಿ ಹೊಸ ಪಾರ್ಸೆಲ್‌ಗಳ ಡೇಟಾ ಬಂದು ಸೇರಿದಾಗ ಹಳೇ ಉತ್ತರ ಕೆಲಸಕ್ಕೆ ಬಾರದೇ ಹೋಯ್ತು. ಗೋಡೌನ್‌ನವರಿಗೆ ಮತ್ತೆ ಅದೇ 46 ಸೆಕೆಂಡ್.

ಹಾಗಾಗಿ ಅಳೆಯೋ ಮೊದಲು ಕ್ವೆರಿ ಸೆಟ್ಟಿಂಗ್ಸ್‌ಗೆ ಹೋಗಿ ‘ಯೂಸ್ ಕ್ಯಾಶ್ಡ್ ರಿಸಲ್ಟ್ಸ್’ ಅನ್ನೋದರ ಟಿಕ್ ತೆಗೀರಿ.

ನೋಡಬೇಕಾದ ಮೂರು ಅಂಕಿ

ರನ್ ಆದಮೇಲೆ ‘ಜಾಬ್ ಇನ್ಫರ್ಮೇಷನ್’ ಅನ್ನೋ ಟ್ಯಾಬ್ ತೆಗೀರಿ. ಅಲ್ಲಿ ಮೂರು ಅಂಕಿ ಮುಖ್ಯ.

ಮೊದಲನೇದು ಕಳೆದ ಸಮಯ. ಬಳಸೋರು ಎಷ್ಟು ಹೊತ್ತು ಕಾಯ್ತಾರೆ ಅನ್ನೋದು ಇದರಿಂದ ತಿಳಿಯುತ್ತೆ. ಆದರೆ ಇದೊಂದನ್ನೇ ನಂಬೋ ಹಾಗಿಲ್ಲ. ಕ್ಲೌಡ್‌ನಲ್ಲಿ ಯಂತ್ರಗಳನ್ನ ಹಲವರು ಹಂಚಿಕೊಂಡಿರ್ತಾರೆ. ಒಂದೇ ಕ್ವೆರಿ ಮಧ್ಯಾಹ್ನ ಒಂದು ಥರ, ರಾತ್ರಿ ಒಂದು ಥರ ಓಡಬಹುದು.

ಎರಡನೇದು ಸ್ಲಾಟ್ ಸಮಯ. ಸ್ಲಾಟ್ ಅಂದ್ರೆ ಕ್ವೆರಿಯ ಒಂದು ಪಾಲನ್ನು ಮಾಡಿ ಮುಗಿಸೋ ಕೆಲಸಗಾರ ಅಂದ್ಕೊಳ್ಳಿ. ಮಲೆನಾಡಲ್ಲಿ ಅಡಿಕೆ ಸುಲಿಯೋದನ್ನ ನೋಡಿದೀರಾ? ಹತ್ತು ಜನ ಕೂತು ಎರಡು ಗಂಟೆ ಸುಲಿದ್ರೆ ಗಡಿಯಾರದಲ್ಲಿ ಎರಡೇ ಗಂಟೆ. ಆದರೆ ಕೆಲಸ ಆದದ್ದು ಇಪ್ಪತ್ತು ಗಂಟೆಯಷ್ಟು. ಇದೂ ಹಾಗೇ. ನನ್ನ 48 ಸೆಕೆಂಡ್‌ನ ಕ್ವೆರಿಯ ಸ್ಲಾಟ್ ಸಮಯ ನೋಡಿದ್ರೆ ಸುಮಾರು 5 ಗಂಟೆ! ಕಡಿಮೆ ಸ್ಲಾಟ್ ಸಿಕ್ಕ ದಿನ ಗಡಿಯಾರದ ಸಮಯ ಉದ್ದ ಆಗುತ್ತೆ, ಆದರೆ ಮಾಡಬೇಕಾದ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ. ಅದಕ್ಕೇ ಎರಡು ಕ್ವೆರಿಗಳನ್ನ ಹೋಲಿಸೋವಾಗ ಈ ಅಂಕಿ ಹೆಚ್ಚು ನಂಬಿಕಸ್ಥ.

ಮೂರನೇದು ಓದಿದ ಬೈಟ್‌ಗಳು. ಆನ್-ಡಿಮ್ಯಾಂಡ್ ಲೆಕ್ಕದಲ್ಲಿ ಬಿಲ್ ಬರೋದೇ ಇದರ ಮೇಲೆ. ಅಮೆರಿಕದ ರೀಜನ್‌ಗಳ ಪಟ್ಟಿ ದರ 1 ಟಿಬಿಗೆ, ಅಂದ್ರೆ 1024 ಜಿಬಿಗೆ, 6.25 ಡಾಲರ್. ತಿಂಗಳಿಗೆ ಮೊದಲ 1 ಟಿಬಿ ಉಚಿತ. ಇಲ್ಲಿ ತುಂಬ ಜನ ಎಡವೋದು ಲಿಮಿಟ್ ವಿಷಯದಲ್ಲಿ. ‘ಲಿಮಿಟ್ 10 ಹಾಕಿದೀನಿ, ಹತ್ತೇ ಸಾಲು ಓದುತ್ತೆ’ ಅಂದ್ಕೊಳ್ತಾರೆ. ಸಾಮಾನ್ಯ ಟೇಬಲ್‌ನಲ್ಲಿ ಹಾಗಲ್ಲ. ಕೇಳಿದ ಕಾಲಂಗಳನ್ನ ಪೂರ್ತಿ ಓದಿ, ತೋರಿಸೋದು ಮಾತ್ರ ಹತ್ತು ಸಾಲು. ಡೇಟಾ ಇಲ್ಲಿ ಕಾಲಂ ಲೆಕ್ಕದಲ್ಲಿ ಸಂಗ್ರಹ ಆಗಿರೋದ್ರಿಂದ, ಬೇಕಾದ ಕಾಲಂ ಹೆಸರು ಮಾತ್ರ ಬರೆದ್ರೆ ಬೈಟ್ ಉಳಿಯುತ್ತೆ.

ನನ್ನ ತಪ್ಪು ಸಿಕ್ಕಿದ್ದು ಈ ಮೂರನೇ ಅಂಕಿಯಲ್ಲೇ. ಒಂದು ವಾರದ ಲೆಕ್ಕಕ್ಕೆ ಕ್ವೆರಿ 400 ಜಿಬಿ ಓದ್ತಿತ್ತು. ಟೇಬಲ್ ದಿನಾಂಕದ ಪ್ರಕಾರ ಭಾಗ ಆಗಿತ್ತು, ಅಂದ್ರೆ ಪಾರ್ಟಿಷನ್ ಇತ್ತು. ಆದರೆ ನಾನು ದಿನಾಂಕದ ಕಾಲಂ ಅನ್ನು ಮೊದಲು ಪಠ್ಯಕ್ಕೆ ಬದಲಾಯಿಸಿ ಆಮೇಲೆ ಹೋಲಿಸ್ತಿದ್ದೆ. ಯಾವ ಭಾಗ ಬೇಡ ಅಂತ ಅದಕ್ಕೆ ತಿಳಿಯದೆ ಮೂರು ವರ್ಷದ ಡೇಟಾ ಪೂರ್ತಿ ಓದ್ತಿತ್ತು. ದಿನಾಂಕವನ್ನ ದಿನಾಂಕವಾಗಿಯೇ ಹೋಲಿಸಿದೆ. ಬದಲಾಯಿಸಿದ್ದು ಆ ಒಂದೇ ಸಾಲು.

ಒಂದು ಸಲ ಅಳೆದ್ರೆ ಸಾಲದು

ಈ ಸಲ ಸ್ಕ್ರೀನ್‌ಶಾಟ್ ಹಾಕೋಕೆ ಅವಸರ ಮಾಡಲಿಲ್ಲ. ಕ್ಯಾಶ್ ಆಫ್ ಮಾಡಿ, ಬೇರೆ ಬೇರೆ ಹೊತ್ತಲ್ಲಿ ಏಳು ಸಲ ರನ್ ಮಾಡಿದೆ. ಬಂದ ಸಮಯಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮಧ್ಯದ ನಾಲ್ಕನೇದನ್ನ ಬರ್ಕೊಂಡೆ. ಸರಾಸರಿ ಯಾಕೆ ಬೇಡ? ಒಂದೇ ಒಂದು ಕೆಟ್ಟ ರನ್ ಸರಾಸರಿಯನ್ನ ಎಳೆದುಬಿಡುತ್ತೆ. ಆದರೆ ಆ ಕೆಟ್ಟ ರನ್ ಅನ್ನು ಮರೀಬೇಡಿ, ಪಕ್ಕದಲ್ಲೇ ಬರೆದಿಡಿ. ಬಳಸೋರು ನೆನಪಿಟ್ಕೊಳ್ಳೋದು ಅದನ್ನೇ.

ನನಗೆ ಬಂದ ಲೆಕ್ಕ: ಮಧ್ಯದ ಸಮಯ 4 ಸೆಕೆಂಡ್, ಅತಿ ಕೆಟ್ಟದ್ದು 7 ಸೆಕೆಂಡ್. ಓದಿದ್ದು ಸುಮಾರು 3 ಜಿಬಿ. ಸ್ಲಾಟ್ ಸಮಯ 5 ಗಂಟೆಯಿಂದ 4 ನಿಮಿಷಕ್ಕೆ ಇಳಿದಿತ್ತು. 4 ಸೆಕೆಂಡ್ ಅಂದ್ರೆ ಆ 1 ಸೆಕೆಂಡ್‌ಗಿಂತ ಜಾಸ್ತಿ, ನಿಜ. ಆದರೆ ಇದು ಬೆಳಗ್ಗೆಯೂ 4 ಸೆಕೆಂಡೇ.

ಒಂದು ಎಚ್ಚರಿಕೆ. ಮತ್ತೆ ಮತ್ತೆ ರನ್ ಮಾಡೋಕೂ ದುಡ್ಡು ಬೀಳುತ್ತೆ. ನನ್ನ ಹಳೇ ಕ್ವೆರಿ ಒಂದು ಸಲ ಓಡಿದ್ರೆ ಪಟ್ಟಿ ದರದಲ್ಲಿ ಸುಮಾರು ಎರಡೂವರೆ ಡಾಲರ್. ರನ್ ಒತ್ತೋ ಮೊದಲೇ ಎಷ್ಟು ಓದಬೇಕಾಗುತ್ತೆ ಅಂತ ಸ್ಕ್ರೀನ್ ಮೇಲೆ ಅಂದಾಜು ತೋರಿಸುತ್ತೆ, ಅದು ಉಚಿತ. ಅದನ್ನ ನೋಡಿಯೇ ಮುಂದುವರೀರಿ. ಕಲಿಯೋರಿಗೆ ಕ್ರೆಡಿಟ್ ಕಾರ್ಡ್ ಬೇಡದ ಸ್ಯಾಂಡ್‌ಬಾಕ್ಸ್ ಕೂಡ ಇದೆ.

ಕೊನೇದಾಗಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಳೆದು ಸುಮ್ಮನಾಗಬೇಡಿ. ಓಡಿದ ಕ್ವೆರಿಗಳ ದಾಖಲೆಯನ್ನ ಬಿಗ್‌ಕ್ವೆರಿ 180 ದಿನ ಇಟ್ಟಿರುತ್ತೆ. ಯಾವಾಗ ಕೇಳಿದ್ರು, ಯಾವಾಗ ಶುರುವಾಯ್ತು, ಯಾವಾಗ ಮುಗೀತು, ಕ್ಯಾಶ್‌ನಿಂದ ಬಂತಾ ಅನ್ನೋದೆಲ್ಲ ಅಲ್ಲಿ ಸಿಗುತ್ತೆ. ಎರಡು ವಾರ ಆದಮೇಲೆ ನಾನು ಬೆಳಗ್ಗೆ 5ರಿಂದ 7ರವರೆಗಿನ ಸಾಲುಗಳನ್ನ ತೆಗೆದು ನೋಡಿದೆ. ಖಾಲಿ ಇದ್ದ ಜಾಗದಲ್ಲಿ ದಿನಾ ಕ್ವೆರಿಗಳು ಕಾಣ್ತಿದ್ವು. ಗೋಡೌನ್‌ನವರು ಪೇಜನ್ನ ಮತ್ತೆ ನೋಡೋಕೆ ಶುರು ಮಾಡಿದ್ರು.

ಇವತ್ತಿಗೆ ಇಷ್ಟು. ನೀವೂ ಹೀಗೆ ಕ್ಯಾಶ್ ನಂಬಿ ಮೋಸಹೋಗಿದ್ರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.