ಪ್ರಾಣ ಉಳಿದ ಮೇಲಿನ ಆರೈಕೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಯಾರಿಗಾದರೂ ಪ್ರಾಣಸಂಕಟ ಬಂದೊದಗಿದಾಗ, ಅದು ತೊಗರಿಗೆ ಹೊಡೆಯುವ ಕೀಟನಾಶಕದ ವಿಷವಾಗಲಿ, ಸರ್ಪದಂಶವಾಗಲಿ, ಶ್ವಾಸಕೋಶಗಳನ್ನೇ ಸೋಲಿಸಿದ ನ್ಯುಮೋನಿಯಾ ಆಗಲಿ, ಬಂಧುಗಳು ರೋಗಿಯನ್ನು ಎತ್ತಿಕೊಂಡು ಧಾವಿಸುವುದು ಕಲಬುರಗಿಯ ದೊಡ್ಡ ದವಾಖಾನೆಗಳಿಗೆ. ಗಡಿಗೆ ಸಮೀಪದವರಾದರೆ ಸೊಲ್ಲಾಪುರಕ್ಕೆ. ಅಲ್ಲಿ ವೆಂಟಿಲೇಟರಿನ ಆಶ್ರಯದಲ್ಲಿ ದಿನಗಳನ್ನು ಕಳೆದು, ಡಿಸ್ಚಾರ್ಜ್ ಚೀಟಿಯೊಡನೆ ಮನೆಗೆ ಮರಳಿದವನನ್ನು ಕಂಡು ಊರವರು ‘ಗಂಡಾಂತರ ಕಳೀತು’ ಎಂದು ಸಮಾಧಾನಪಡುತ್ತಾರೆ. ಆದರೆ ತಿಂಗಳು ಕಳೆದರೂ ಆತನಿಗೆ ಕಾಲಲ್ಲಿ ಕಸುವಿಲ್ಲ; ನಾಲ್ಕು ಹೆಜ್ಜೆಗೆ ದಮ್ಮು ಹತ್ತುತ್ತದೆ; ರಾತ್ರಿ ಬೆಚ್ಚಿ ಏಳುತ್ತಾನೆ; ನಿನ್ನೆ ಆಡಿದ ಮಾತು ಇಂದು ನೆನಪಿಲ್ಲ. ಇದನ್ನು ಸೋಮಾರಿತನವೆಂದೋ, ಗಾಳಿ ಸೋಕಿದ್ದೆಂದೋ ಭಾವಿಸುವ ಮನೆಗಳುಂಟು.

ಇದು ತೀವ್ರ ನಿಗಾ ಚಿಕಿತ್ಸೆಯ ತರುವಾಯ ಉಳಿಯುವ ಲಕ್ಷಣಗಳ ಸಮೂಹ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸೂಚನೆಯಂತೆ ವಿದ್ಯಾರ್ಥಿಗಳು ಸರದಿಯ ಮೇಲೆ ಗಾಳಿಚೀಲವನ್ನು ಕೈಯಿಂದಲೇ ಒತ್ತುತ್ತ ರೋಗಿಗಳ ಉಸಿರನ್ನು ಉಳಿಸಿದರು. ಅಲ್ಲಿಂದ ಬೆಳೆದುಬಂದ ಈ ಚಿಕಿತ್ಸಾಪದ್ಧತಿಯು, ಬದುಕಿದವರು ಮುಂದೆ ಹೇಗೆ ಬದುಕುತ್ತಾರೆಂಬುದಕ್ಕೆ ಒಂದು ಹೆಸರನ್ನು ಕಂಡುಕೊಂಡದ್ದು 2012ರಷ್ಟು ತಡವಾಗಿ. ಹತ್ತು ದಿನಗಳ ತೀವ್ರ ನಿಗಾ ವಾಸದಲ್ಲಿಯೇ ತೊಡೆಯ ಮಾಂಸಖಂಡ ಶೇಕಡ 18ರಷ್ಟು ಕರಗುವುದೆಂದು 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದು ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ 821 ರೋಗಿಗಳ ಅಧ್ಯಯನದಲ್ಲಿ, ವರ್ಷ ಕಳೆದ ಮೇಲೂ ಪರೀಕ್ಷೆಗೊಳಗಾದವರ ಪೈಕಿ ಕಾಲುಭಾಗದಷ್ಟು ಜನರ ಬುದ್ಧಿಶಕ್ತಿಯು ಆರಂಭಾವಸ್ಥೆಯ ಆಲ್‌ಝೈಮರ್ ರೋಗಿಗಳ ಮಟ್ಟಕ್ಕೆ ಕುಗ್ಗಿದ್ದಿತು. ಅಂದ ಮೇಲೆ ನಮ್ಮ ರೈತನ ಮರೆವಿಗೆ ಅವನನ್ನು ಗದರಿಸುವುದು ಎಂಥ ಅನ್ಯಾಯ!

ಇಂಥವರನ್ನು ಮನೆಯಲ್ಲಿಯೇ ಗಮನಿಸುತ್ತಿರಲು ಈಗ ಮೊಬೈಲ್ ಆ್ಯಪ್‌ಗಳು ಬಳಕೆಗೆ ಬರುತ್ತಿವೆ. ನಡೆದ ಹೆಜ್ಜೆಗಳನ್ನು ಫೋನು ತಾನೇ ಎಣಿಸುತ್ತದೆ. ನಿದ್ರೆ, ಹಸಿವು, ದಮ್ಮು, ದುಃಸ್ವಪ್ನಗಳನ್ನು ಕುರಿತು ನಿತ್ಯವೂ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಉತ್ತರಗಳು ಹದ ತಪ್ಪಿದರೆ ವೈದ್ಯನಿಗೆ ಸೂಚನೆ ಮುಟ್ಟುತ್ತದೆ. ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂಡಬಲ್ಲನೆಂಬ ಸರಳ ಪರೀಕ್ಷೆಯಿಂದ ಕಾಲಿನ ಬಲವೂ ತಿಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಕಪ್ಪು ಚರ್ಮದವರಲ್ಲಿ ಅದು ವಾಸ್ತವಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುವುದುಂಟೆಂದು 2020ರಲ್ಲಿ ಅಮೆರಿಕದ ವೈದ್ಯರು ವರದಿಮಾಡಿದರು. ಬಿಸಿಲಿನಲ್ಲಿ ದುಡಿದು ಕಪ್ಪಾದ ನಮ್ಮ ಸೀಮೆಯ ಬೆರಳುಗಳಿಗೆ ಸಿಕ್ಕಿಸಿದಾಗ, ಅಂಕಿಯೊಂದನ್ನೇ ನಂಬದೆ, ರೋಗಿಯು ಒಂದು ವಾಕ್ಯವನ್ನು ಏದುಸಿರಿಲ್ಲದೆ ಮುಗಿಸುವನೇ ಎಂಬುದನ್ನೂ ನೋಡತಕ್ಕದ್ದು.

ಆದರೆ ಫೋನು ಯಾರ ಕೈಯಲ್ಲಿದೆ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತಾವೇ ಬಳಸುವ ಮೊಬೈಲುಳ್ಳ ಮಹಿಳೆಯರು ನೂರಕ್ಕೆ 54 ಮಂದಿ ಮಾತ್ರ. ಆಳಂದದ ಕಡೆಯ ತಾಂಡಾಗಳಲ್ಲಿ ಮನೆಯ ಒಳ್ಳೆಯ ಫೋನು ದುಡಿಯಲು ಪುಣೆ, ಮುಂಬಯಿಗೆ ಹೋದ ಮಗನ ಜೇಬಿನಲ್ಲಿರುವುದೇ ಹೆಚ್ಚು. ಕಾಯಿಲೆಯಿಂದೆದ್ದ ತಾಯಿಯಾದರೋ ಅಕ್ಷರ ಓದಲಾರಳು, ನಡುಗುವ ಬೆರಳಿನಿಂದ ಪರದೆಯನ್ನು ಒತ್ತಲಾರಳು. ಆದಕಾರಣ ಆ್ಯಪ್ ರೋಗಿಯ ಕೈಯಲ್ಲಿರುವುದಕ್ಕಿಂತ ಆಶಾ ಕಾರ್ಯಕರ್ತೆಯ ಕೈಯಲ್ಲಿರುವುದು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ‘ಯವ್ವಾ, ರಾತ್ರಿ ನಿದ್ದಿ ಹತ್ತತದೇನು?’ ಎಂದು ಮಂಚದ ಬಳಿ ಕುಳಿತು ಆಕೆ ಕೇಳಿದಾಗ ಹೊರಬೀಳುವ ಸತ್ಯವು ಪರದೆಯ ಪ್ರಶ್ನೆಗೆ ಹೊರಬೀಳದು.

ಇದಕ್ಕೆ ಹೊಸ ಸೌಧವನ್ನೇನೂ ಕಟ್ಟಬೇಕಾದದ್ದಿಲ್ಲ. 2019ರಲ್ಲಿ ಆರಂಭವಾದ ಇ-ಸಂಜೀವನಿಯ ಮೂಲಕ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ದೂರದ ವೈದ್ಯರೊಡನೆ ರೋಗಿಯನ್ನು ಮುಖಾಮುಖಿ ಮಾತನಾಡಿಸಬಹುದು. ಮನಸ್ಸಿನ ಕ್ಷೋಭೆಗೆ 2022ರಿಂದ ಟೆಲಿ-ಮಾನಸ್‌ನ 14416 ಸಂಖ್ಯೆಯಿದೆ. ಕೂಡಬೇಕಾದದ್ದು ಒಂದೇ ಕೊಂಡಿ: ಬಿಡುಗಡೆಯ ದಿನವೇ ದೊಡ್ಡ ಆಸ್ಪತ್ರೆಯು ರೋಗಿಯ ವಿವರವನ್ನು ಅವನ ಊರಿನ ಉಪಕೇಂದ್ರಕ್ಕೆ ಮುಟ್ಟಿಸಬೇಕು, ಮೊದಲ ವಾರದಲ್ಲಿಯೇ ಯಾರಾದರೂ ಆ ಮನೆಯ ಹೊಸ್ತಿಲನ್ನು ದಾಟಬೇಕು. ಮನೆಗೆ ಬಂದ ರೈತನು ಕೇಳುವ ಮೊದಲ ಪ್ರಶ್ನೆ, ಹೊಲಕ್ಕೆ ಯಾವಾಗ ಹೋಗಬಹುದೆಂಬುದು. ಕೆಲವು ವಾರಗಳ ಹೆಜ್ಜೆಯ ಲೆಕ್ಕವನ್ನೂ ನಿದ್ರೆಯ ಲೆಕ್ಕವನ್ನೂ ಮುಂದಿಟ್ಟುಕೊಂಡ ವೈದ್ಯನು ಅದಕ್ಕೆ ಊಹೆಯಿಂದಲ್ಲದೆ ಆಧಾರದಿಂದ ಉತ್ತರ ಹೇಳಬಲ್ಲನು.