ಹವ್ಯಾಸಿಯ ವಿಮಾನ

ನಮ್ಮ ರಂಗಭೂಮಿಯ ಚರಿತ್ರೆಯನ್ನು ಬರೆದವರು ನಾಟಕ ಮಂಡಲಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಹೊಟ್ಟೆಪಾಡಿಗಾಗಿ ಆಡುವವರು ‘ವೃತ್ತಿ’ಯವರು, ಸಂತೋಷಕ್ಕಾಗಿ ಆಡುವವರು ‘ವಿಲಾಸಿ’ಗಳು. ವಿಲಾಸಿ ಎಂಬ ಮಾತಿಗೆ ಅಲ್ಲಿ ಸಿರಿವಂತಿಕೆಯ ಅರ್ಥವಿರಲಿಲ್ಲ. ಗುಮಾಸ್ತರು, ಉಪಾಧ್ಯಾಯರು, ವಕೀಲರು ಸಂಜೆ ಒಂದೆಡೆ ಕಲೆತು, ಕೈಯಿಂದ ಅಷ್ಟಿಷ್ಟು ಹಣ ಹಾಕಿ, ತಾಲೀಮು ನಡೆಸಿ ನಾಟಕವಾಡುತ್ತಿದ್ದರು. ವಿಮಾನ ಹಾರಿಸುವ ವಿದ್ಯೆಯಲ್ಲಿಯೂ ಇಂಥ ವಿಲಾಸಿಗಳ ಪರಂಪರೆಯೊಂದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಫ್ಲೈಯಿಂಗ್ ಕ್ಲಬ್ಬು ಎಂಬ ಚಿಕ್ಕ ಸಂಸ್ಥೆ ಹುಟ್ಟಿದ್ದೇ ಅವರಿಗಾಗಿ. ಆ ಸಂಸ್ಥೆ ಇಂದಿಗೂ ಇದೆ. ಆದರೆ ಅದರ ಒಳಗಿರುವ ಮನುಷ್ಯ ಬದಲಾಗಿದ್ದಾನೆ. ಅವನನ್ನು ಬದಲಾಯಿಸಿದ್ದು ಖರ್ಚು. ಅದು ಹೇಗೆಂಬುದನ್ನು ವಿಚಾರಿಸುವುದು ಈ ಮಾತುಗಳ ಉದ್ದೇಶ.

1925ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜೆಫ್ರಿ ಡಿ ಹ್ಯಾವಿಲೆಂಡ್ ಅವರು ಹೊಸದೊಂದು ಪುಟ್ಟ ವಿಮಾನವನ್ನು ಹಾರಿಸಿದರು. ಅವರಿಗೆ ಕೀಟಗಳ ಅಭ್ಯಾಸದಲ್ಲಿ ಆಸಕ್ತಿ; ಆದ್ದರಿಂದ ವಿಮಾನಕ್ಕೆ ಇಟ್ಟ ಹೆಸರು ‘ಮಾತ್’, ಅಂದರೆ ಪತಂಗ. ಮರದ ಮೈ, ಬಟ್ಟೆ ಹೊದಿಸಿದ ರೆಕ್ಕೆ, ಇಬ್ಬರು ಕುಳಿತುಕೊಳ್ಳುವಷ್ಟು ಜಾಗ. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿಟ್ಟರೆ ಸಾಧಾರಣವಾದ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದು. ಅದರ ಎಂಜಿನ್ನಿನ ಕಥೆ ಇನ್ನೂ ಸ್ವಾರಸ್ಯವಾದುದು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಎಂಟು ಸಿಲಿಂಡರಿನ ವಿಮಾನದ ಎಂಜಿನ್ನುಗಳು ರಾಶಿಬಿದ್ದಿದ್ದವು. ಫ್ರಾಂಕ್ ಹಾಲ್‌ಫರ್ಡ್ ಎಂಬುವರು ಅದನ್ನು ಅರ್ಧಮಾಡಿದಂತೆ, ಅದೇ ಬಿಡಿಭಾಗಗಳಿಂದ ನಾಲ್ಕು ಸಿಲಿಂಡರಿನ ‘ಸಿರಸ್’ ಎಂಜಿನ್ನನ್ನು ಕಟ್ಟಿದರು. ಯುದ್ಧದ ಗುಜರಿಯಿಂದ ಶಾಂತಿಕಾಲದ ಪತಂಗ ಎದ್ದುಬಂದಿತು.

ಅದೇ ವರ್ಷ ಬ್ರಿಟಿಷ್ ಸರ್ಕಾರದ ವಾಯುಯಾನ ಇಲಾಖೆ ಲಂಡನ್, ಲ್ಯಾಂಕಾಷೈರ್ ಮೊದಲಾದ ಕಡೆಗಳಲ್ಲಿ ಕ್ಲಬ್ಬುಗಳನ್ನು ಸ್ಥಾಪಿಸಲು ಸಹಾಯಧನ ಕೊಟ್ಟಿತು. ಇದೇನೂ ನಿಷ್ಕಾಮ ಧರ್ಮವಲ್ಲ. ಮತ್ತೆ ಯುದ್ಧ ಬಂದರೆ ಹಾರಬಲ್ಲ ತರುಣರು ಒದಗಬೇಕೆಂಬುದು ಲೆಕ್ಕಾಚಾರ. ಉಳಿದ ಭಾರವನ್ನು ಸದಸ್ಯರು ಹೊತ್ತರು: ಚಂದಾ ಕೊಟ್ಟರು, ಭಾನುವಾರ ಬಂದು ವಿಮಾನ ತೊಳೆದರು, ಬಟ್ಟೆ ಹರಿದಲ್ಲಿ ತೇಪೆ ಹಾಕಿದರು. ಹೀಗೆ ಅಗ್ಗದ ಹಾರಾಟವೆಂಬ ಪೀಠ ಮೂರು ಕಾಲುಗಳ ಮೇಲೆ ನಿಂತಿತು. ಸರಳವಾದ ಯಂತ್ರ ಒಂದು, ಸರ್ಕಾರದ ನೆರವು ಎರಡು, ಸದಸ್ಯರ ಕೂಡುದುಡಿಮೆ ಮೂರು.

ಈ ಪೀಠ ಎಂಥವರನ್ನು ಎತ್ತರಕ್ಕೇರಿಸಿತೆಂಬುದಕ್ಕೆ ಏಮಿ ಜಾನ್ಸನ್ ಅವರ ನಿದರ್ಶನವೊಂದು ಸಾಕು. ಹಲ್ ಪಟ್ಟಣದ ಮೀನು ವ್ಯಾಪಾರಿಯೊಬ್ಬರ ಮಗಳು. ಲಂಡನ್ನಿನಲ್ಲಿ ವಕೀಲರ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದವರು. ಸ್ಟ್ಯಾಗ್ ಲೇನಿನಲ್ಲಿದ್ದ ಲಂಡನ್ ಕ್ಲಬ್ಬಿಗೆ ಸೇರಿ ಹಾರುವುದನ್ನು ಕಲಿತರು. ಎಂಜಿನ್ ರಿಪೇರಿಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. 1930ರ ಮೇ ತಿಂಗಳಲ್ಲಿ ಹಳೆಯದೊಂದು ಮಾತ್ ವಿಮಾನದಲ್ಲಿ ಒಬ್ಬರೇ ಹೊರಟು, ಕರಾಚಿ, ಝಾನ್ಸಿ, ಅಲಹಾಬಾದು, ಕಲಕತ್ತೆಗಳನ್ನು ಮುಟ್ಟಿ, ಆಸ್ಟ್ರೇಲಿಯದ ಡಾರ್ವಿನ್ ನಗರವನ್ನು ತಲಪಿದರು. ವಿಮಾನ ಕೊಳ್ಳಲು ತಂದೆಯ ನೆರವೂ ಬೇರೆಯವರ ನೆರವೂ ಬೇಕಾಯಿತು, ನಿಜ. ಆದರೆ ಕಲಿಯುವುದಕ್ಕೆ ಕಚೇರಿಯ ಸಂಬಳದವರಿಗೂ ಬಾಗಿಲು ತೆರೆದಿತ್ತು ಎಂಬುದನ್ನು ಗಮನಿಸಬೇಕು.

ಇದೇ ಗಾಳಿ ನಮ್ಮ ದೇಶಕ್ಕೂ ಬೀಸಿತು. 1928ರ ಆಸುಪಾಸಿನಲ್ಲಿ ದೆಹಲಿ, ಮುಂಬಯಿ, ಕಲಕತ್ತೆ, ಕರಾಚಿಗಳಲ್ಲಿ ಕ್ಲಬ್ಬುಗಳು ಎದ್ದವು. 1929ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಜೆ. ಆರ್. ಡಿ. ತಾತಾ ಅವರಿಗೆ ದೊರೆತ ಲೈಸೆನ್ಸಿನ ಸಂಖ್ಯೆ ಒಂದು. ಅವರು ಸಿರಿವಂತರು, ಆ ಮಾತು ಬೇರೆ. ಆದರೆ 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲ ತಂದರು. ಅಲ್ಲಿಂದ ನೆವಿಲ್ ವಿನ್‌ಸೆಂಟ್ ಅವರು ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ಮುಂದೆ ಏರ್ ಇಂಡಿಯಾ ಎಂಬ ಹೆಮ್ಮರವಾಗಿ ಬೆಳೆದದ್ದು ಇದೇ ಸಸಿ. ಕ್ಲಬ್ಬಿನಲ್ಲಿ ಸಂತೋಷಕ್ಕಾಗಿ ಕಲಿತ ವಿದ್ಯೆ ನಾಡಿಗೆ ಒದಗಿತು. ವಿಲಾಸಿಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೊಂದು ಉತ್ತರ.

ಸ್ವಾತಂತ್ರ್ಯ ಬಂದ ಮೇಲೂ ಕ್ಲಬ್ಬುಗಳಿಗೆ ಸರ್ಕಾರದ ಸಹಾಯಧನ ದೊರೆಯುತ್ತಿತ್ತು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಕ್ಲಬ್ಬುಗಳಿಗಾಗಿಯೇ ‘ಪುಷ್ಪಕ್’ ಎಂಬ ವಿಮಾನ ಸಿದ್ಧವಾಗಿ 1958ರಲ್ಲಿ ಹಾರಿತು. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತೆಂದು ನಾವು ಕೇಳಿದ ಪುಷ್ಪಕವಲ್ಲ ಇದು. ಅಕ್ಕಪಕ್ಕದಲ್ಲಿ ಇಬ್ಬರಿಗೆ ಮಾತ್ರ ಆಸನ. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಟ್ಟೆಯ ಹೊದಿಕೆ. ಸುಮಾರು ನೂರೈವತ್ತು ಪುಷ್ಪಕ್‌ಗಳು ತಯಾರಾಗಿ ನಾನಾ ಊರುಗಳ ಕ್ಲಬ್ಬುಗಳನ್ನು ಸೇರಿದವು. ಅಲ್ಲಿಯೂ ಅದೇ ಮುಕ್ಕಾಲಿ ಪೀಠ: ಸರಳ ಯಂತ್ರ, ಸರ್ಕಾರದ ನೆರವು, ಸದಸ್ಯರ ಉತ್ಸಾಹ.

ಈ ಪೀಠದ ಕಾಲುಗಳು ಒಂದೊಂದಾಗಿ ಸಡಿಲವಾದವು. ಮೊದಲು ಯಂತ್ರವನ್ನೇ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದ ಬಳಿಕ ಚಿಕ್ಕ ವಿಮಾನಗಳ ತವರು ಅಮೆರಿಕ. ಅಲ್ಲಿನ ಸೆಸ್ನಾ ಕಂಪನಿಯ 172 ಎಂಬ ನಾಲ್ಕು ಆಸನದ ವಿಮಾನ 1956ರಲ್ಲಿ ಸುಮಾರು 9 ಸಾವಿರ ಡಾಲರಿಗೆ ಸಿಗುತ್ತಿತ್ತು. ಹಣದ ಬೆಲೆ ಇಳಿದುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಇಂದಿನ ಒಂದು ಲಕ್ಷ ಡಾಲರಿನ ಆಸುಪಾಸು. ಆದರೆ ಅದೇ ಹೆಸರಿನ ಹೊಸ ವಿಮಾನದ ಬೆಲೆ ಈಗ ನಾಲ್ಕು ಲಕ್ಷ ಡಾಲರನ್ನು ಮೀರಿದೆ. ಇದಕ್ಕೆ ಒಂದು ಮುಖ್ಯ ಕಾರಣ ನ್ಯಾಯಾಲಯದ ಕಡೆಯಿಂದ ಬಂದಿತು. ದಶಕಗಳ ಹಿಂದೆ ಮಾರಿದ ವಿಮಾನ ಅಪಘಾತಕ್ಕೀಡಾದರೂ ತಯಾರಕರ ಮೇಲೆ ದಾವೆ ಹೂಡಬಹುದಾಗಿತ್ತು. ಆ ಭಯಕ್ಕೆ ಕಟ್ಟಿದ ವಿಮೆಯ ಕಂತು ಪ್ರತಿ ಹೊಸ ವಿಮಾನದ ಬೆಲೆಗೆ ಸೇರಿತು. ಬೆಲೆ ಏರಿತು, ಕೊಳ್ಳುವವರು ಇಳಿದರು. 1978ರಲ್ಲಿ ಅಮೆರಿಕದ ಕಾರ್ಖಾನೆಗಳು 17 ಸಾವಿರಕ್ಕೂ ಹೆಚ್ಚು ಖಾಸಗಿ ವಿಮಾನಗಳನ್ನು ಮಾರಿದ್ದವು. 1994ರಲ್ಲಿ ಸಾವಿರವನ್ನೂ ಮುಟ್ಟಲಿಲ್ಲ. 1986ರಲ್ಲಿ ಸೆಸ್ನಾ ಒಂಟಿ ಎಂಜಿನ್ನಿನ ಪೆಟ್ರೋಲ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. 1994ರ ಕಾನೂನು ತಯಾರಕರ ಹೊಣೆಯನ್ನು ಹದಿನೆಂಟು ವರ್ಷಗಳಿಗೆ ಮಿತಗೊಳಿಸಿದ ಮೇಲೆ ತಯಾರಿಕೆ ಮತ್ತೆ ಆರಂಭವಾಯಿತು. ಆದರೆ ಬೆಲೆ ಹಳೆಯ ಮಟ್ಟಕ್ಕೆ ಮರಳಲಿಲ್ಲ. 1970ರ ದಶಕದಲ್ಲಿ ತಯಾರಾದ ವಿಮಾನಗಳನ್ನು ಕ್ಲಬ್ಬುಗಳು ಇಂದಿಗೂ ಹಾರಿಸುತ್ತಿರುವುದು ಈ ಕಾರಣದಿಂದಲೇ.

ಇನ್ನು ಇಂಧನ. ದೊಡ್ಡ ಜೆಟ್ ವಿಮಾನಗಳಿಗೆ ಬೇಕಾದುದು ಒಂದು ಬಗೆಯ ಸೀಮೆಎಣ್ಣೆ; ಅದು ಅಪಾರ ಪ್ರಮಾಣದಲ್ಲಿ ತಯಾರಾಗುತ್ತದೆ. ಕ್ಲಬ್ಬಿನ ಹಳೆಯ ವಿಮಾನಕ್ಕೆ ಬೇಕಾದುದು ಸೀಸ ಬೆರೆಸಿದ ವಿಶೇಷ ಪೆಟ್ರೋಲು. ಇದರ ಬಳಕೆ ಅತ್ಯಲ್ಪ. ಆದ್ದರಿಂದ ತಯಾರಿಕೆಯೂ ಸಾಗಣೆಯೂ ದುಬಾರಿ. ನಮ್ಮ ದೇಶ ಇದನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು; ಇಂಡಿಯನ್ ಆಯಿಲ್ ಸಂಸ್ಥೆ ದೇಶದೊಳಗೆ ತಯಾರಿಸಿದ ಇಂಧನವನ್ನು ಬಿಡುಗಡೆ ಮಾಡಿದ್ದು 2022ರಲ್ಲಿ. ಸೆಸ್ನಾ 172 ಒಂದು ಗಂಟೆ ಹಾರಲು ಮೂವತ್ತು ಲೀಟರಿಗೂ ಹೆಚ್ಚು ಪೆಟ್ರೋಲು ಕುಡಿಯುತ್ತದೆ.

ಇಂಧನದ ಖರ್ಚು ಕಣ್ಣಿಗೆ ಕಾಣುತ್ತದೆ. ಕ್ಲಬ್ಬುಗಳನ್ನು ನಿಜವಾಗಿ ಕುಗ್ಗಿಸಿದ್ದು ಕಾಣದ ಖರ್ಚು. ವಿಮಾನ ಹಾರಲಿ, ಬಿಡಲಿ, ಅದನ್ನು ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಇವು ತಪ್ಪುವುದಿಲ್ಲ. ಊಹೆಯ ಲೆಕ್ಕವೊಂದನ್ನು ನೋಡೋಣ. ಇಂಥ ಖರ್ಚು ವರ್ಷಕ್ಕೆ 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಸದಸ್ಯರೆಲ್ಲ ಸೇರಿ ಮುನ್ನೂರು ಗಂಟೆ ಹಾರಿದರೆ ಗಂಟೆಗೆ ಬೀಳುವ ಪಾಲು 2 ಸಾವಿರ. ಬೆಲೆ ಹೆಚ್ಚಾಯಿತೆಂದು ಕೆಲವರು ಬಿಟ್ಟುಹೋಗಿ ಹಾರಾಟ ಇನ್ನೂರು ಗಂಟೆಗೆ ಇಳಿದರೆ ಪಾಲು 3 ಸಾವಿರ. ನೂರಕ್ಕೆ ಇಳಿದರೆ 6 ಸಾವಿರ. ಅಂದರೆ ಒಬ್ಬ ಬಿಟ್ಟುಹೋದರೆ ಅವನ ಹೊರೆ ಉಳಿದವರ ಹೆಗಲಿಗೆ. ಆ ಭಾರಕ್ಕೆ ಇನ್ನೊಬ್ಬ ಬಿಡುತ್ತಾನೆ. ಎಂಜಿನ್ನಿನ ವಿಷಯವೂ ಹೀಗೆಯೇ. ಸಾಮಾನ್ಯವಾಗಿ ಇಂಥ ಎಂಜಿನ್ನನ್ನು ಎರಡು ಸಾವಿರ ಗಂಟೆ ಓಡಿದ ಮೇಲೆ, ಅಥವಾ ಹನ್ನೆರಡು ವರ್ಷಗಳಾದ ಮೇಲೆ, ಪೂರ್ತಿಯಾಗಿ ಬಿಚ್ಚಿ ಕಟ್ಟಬೇಕೆಂದು ತಯಾರಕರ ಸಲಹೆ. ವರ್ಷಕ್ಕೆ ನೂರು ಗಂಟೆ ಹಾರುವ ಕ್ಲಬ್ಬಿನಲ್ಲಿ ಹನ್ನೆರಡು ವರ್ಷಕ್ಕೆ ಆಗುವುದು ಸಾವಿರದ ಇನ್ನೂರು ಗಂಟೆ. ಆ ಸಲಹೆಯನ್ನು ಪಾಲಿಸಿದರೆ ಉಳಿದ ಎಂಟುನೂರು ಗಂಟೆ ಬಳಸದೆಯೇ ಕಳೆದುಹೋಯಿತು. ಬಡತನ ಬಡವನಿಂದಲೇ ಹೆಚ್ಚು ಬೆಲೆ ವಸೂಲು ಮಾಡುವ ಪರಿ ಇದು.

ಎರಡನೆಯ ಕಾಲು, ಸರ್ಕಾರದ ನೆರವು. ಯುದ್ಧವಿಮಾನಗಳು ಜಟಿಲವಾದಂತೆ ಕ್ಲಬ್ಬಿನ ಹವ್ಯಾಸಿ ಸೈನ್ಯಕ್ಕೆ ಬೇಡವಾದ. ವಿಮಾನ ಕಂಪನಿಗಳು ಬೆಳೆದಂತೆ ನಾಡಿಗೆ ಬೇಕಾದವನು ವೃತ್ತಿಯ ಪೈಲಟ್. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಈ ಹೊಸ ಅಗತ್ಯದ ಕುರುಹು. ಕ್ಲಬ್ಬುಗಳೂ ಅದೇ ದಾರಿ ಹಿಡಿದವು. ಹವ್ಯಾಸಿಗೆ ಬೇಕಾದ ಖಾಸಗಿ ಲೈಸೆನ್ಸಿಗೆ ಕನಿಷ್ಠ ನಲವತ್ತು ಗಂಟೆ ಸಾಕು. ವೃತ್ತಿಯ ಲೈಸೆನ್ಸಿಗೆ ಇನ್ನೂರು ಗಂಟೆ ಬೇಕು. ಸಾಲ ಮಾಡಿಯಾದರೂ ಇನ್ನೂರು ಗಂಟೆ ಕೊಳ್ಳುವ ವಿದ್ಯಾರ್ಥಿಯೇ ಕ್ಲಬ್ಬಿನ ದೀಪಕ್ಕೆ ಎಣ್ಣೆ. ಬೋರ್ಡಿನ ಮೇಲೆ ಕ್ಲಬ್ಬೆಂದೇ ಇದೆ. ಒಳಗೆ ಶಾಲೆ ನಡೆಯುತ್ತಿದೆ. ಇದು ತಪ್ಪೆಂದಲ್ಲ. ಆ ವಿದ್ಯಾರ್ಥಿ ಇಲ್ಲದಿದ್ದರೆ ಎಷ್ಟೋ ಹ್ಯಾಂಗರುಗಳಿಗೆ ಬೀಗ ಬೀಳುತ್ತಿತ್ತು. ಆದರೆ ಸದಸ್ಯ ಹೋಗಿ ಗಿರಾಕಿ ಬಂದ. ಗಿರಾಕಿ ಗಂಟೆಯನ್ನು ಕೊಳ್ಳುತ್ತಾನೆ, ಕೊಂಡದ್ದು ಮುಗಿದ ಮೇಲೆ ಹೊರಟುಹೋಗುತ್ತಾನೆ. ಸದಸ್ಯನಾದವನು ವಿಮಾನ ತೊಳೆಯುತ್ತಿದ್ದ, ಹೊಸಬನಿಗೆ ಗಾಳಿಯ ದಿಕ್ಕು ತೋರಿಸುತ್ತಿದ್ದ, ಮೂವತ್ತು ವರ್ಷ ಅಲ್ಲಿಯೇ ಇರುತ್ತಿದ್ದ.

ಹವ್ಯಾಸಿಯಾಗಿ ಉಳಿದವನು ಏನು ಮಾಡುತ್ತಾನೆ? ಹಾರುವ ಗಂಟೆಗಳನ್ನು ಕಡಿಮೆ ಮಾಡುತ್ತಾನೆ. ಅಪಾಯವಿರುವುದು ಇಲ್ಲಿಯೇ. ಸಂಗೀತಗಾರನಿಗೆ ಅಭ್ಯಾಸ ತಪ್ಪಿದರೆ ಶ್ರುತಿ ತಪ್ಪುತ್ತದೆ; ಪೈಲಟ್‌ಗೆ ಅಭ್ಯಾಸ ತಪ್ಪಿದರೆ ಜೀವವೇ ತಪ್ಪೀತು. ಅಮೆರಿಕದ ನಿಯಮದಂತೆ ಪ್ರಯಾಣಿಕನನ್ನು ಕೂರಿಸಿಕೊಳ್ಳುವವನು ಹಿಂದಿನ ತೊಂಬತ್ತು ದಿನಗಳಲ್ಲಿ ಮೂರು ಬಾರಿಯಾದರೂ ಏರಿ ಇಳಿದಿರಬೇಕು. ಈ ನಿಯಮ ಕನಿಷ್ಠವನ್ನು ಹೇಳುತ್ತದೆಯೇ ಹೊರತು ಕೌಶಲವನ್ನಲ್ಲ. ಹಣ ಉಳಿಸಲು ಕನಿಷ್ಠದ ಗೆರೆಗೇ ಅಂಟಿಕೊಂಡವನ ಕೈ ಮೊಂಡಾಗುತ್ತದೆ. ಇದನ್ನು ತಿಳಿದು ಅನೇಕರು ತಾವಾಗಿಯೇ ಬಿಟ್ಟುಬಿಡುತ್ತಾರೆ. ಅಮೆರಿಕದಲ್ಲಿ ಖಾಸಗಿ ಲೈಸೆನ್ಸಿನ ಪೈಲಟ್‌ಗಳು 1980ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚಿದ್ದರು. 2010ರ ಹೊತ್ತಿಗೆ ಎರಡು ಲಕ್ಷದಷ್ಟು ಉಳಿದಿದ್ದರು.

ಹಾಗಾದರೆ ಎಲ್ಲವೂ ಮುಗಿಯಿತೇ? ಮುಗಿದಿಲ್ಲ. ಉಳಿದಿರುವುದು ಮೂರನೆಯ ಕಾಲು, ಸದಸ್ಯರ ಕೂಡುದುಡಿಮೆ. ಎಲ್ಲಿ ಅದು ಗಟ್ಟಿಯಾಗಿದೆಯೋ ಅಲ್ಲಿ ಕ್ಲಬ್ಬು ಬದುಕಿದೆ. ಮೊದಲನೆಯ ಯುದ್ಧದ ನಂತರ ಜರ್ಮನಿಯಲ್ಲಿ ಎಂಜಿನ್ನಿನ ವಿಮಾನಗಳಿಗೆ ಕಟ್ಟುಕಟ್ಟಳೆ ಬಿದ್ದಾಗ, ಅಲ್ಲಿನ ತರುಣರು 1920ರಿಂದ ವಾಸರ್‌ಕುಪ್ಪೆ ಬೆಟ್ಟದಲ್ಲಿ ಎಂಜಿನ್ನಿಲ್ಲದ ಗ್ಲೈಡರುಗಳನ್ನು ಹಾರಿಸತೊಡಗಿದರು. ಅದೇ ಪರಂಪರೆಯ ಕ್ಲಬ್ಬುಗಳಲ್ಲಿ ಇಂದಿಗೂ ಸದಸ್ಯ ಚಂದಾ ಕೊಟ್ಟರೆ ಸಾಲದು, ವರ್ಷಕ್ಕೆ ಇಂತಿಷ್ಟು ಗಂಟೆ ಮೈಮುರಿದು ದುಡಿಯಬೇಕು. ಒಬ್ಬ ಹಾರಬೇಕಾದರೆ ನಾಲ್ಕು ಜನ ಗ್ಲೈಡರು ತಳ್ಳಬೇಕು, ಹಗ್ಗ ಹೂಡಬೇಕು. ಇಂಗ್ಲೆಂಡಿನಲ್ಲಿ ನಾಲ್ಕಾರು ಜನ ಕೂಡಿ ಒಂದು ವಿಮಾನ ಕೊಂಡು, ಖರ್ಚನ್ನು ಪಾಲುಮಾಡಿಕೊಳ್ಳುವ ಪದ್ಧತಿ ಬೇರೂರಿದೆ. ಯಂತ್ರದ ಕಡೆಯಿಂದಲೂ ಕೊಂಚ ಆಶೆಯಿದೆ. ಕಾರಿನ ಪೆಟ್ರೋಲಿನಲ್ಲಿಯೂ ನಡೆಯುವ, ಗಂಟೆಗೆ ಇಪ್ಪತ್ತು ಲೀಟರಿನೊಳಗೆ ತೃಪ್ತಿಪಡುವ ಆಸ್ಟ್ರಿಯದ ರೋಟಾಕ್ಸ್ 912 ಎಂಜಿನ್ನು ಹಗುರ ವಿಮಾನಗಳ ಹೊಸ ಪೀಳಿಗೆಗೆ ದಾರಿಮಾಡಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಇಬ್ಬರಾಸನದ ‘ಹಂಸ’ ವಿಮಾನವೂ ಮುಂದೆ ರೋಟಾಕ್ಸ್ ಎಂಜಿನ್ನನ್ನೇ ಆಯ್ದುಕೊಂಡಿತು.

ಯಂತ್ರ ಅಗ್ಗವಾದರೆ ಮಾತ್ರ ಸಾಲದು. ಹವ್ಯಾಸಿಗೆ ನೆಲ ಬೇಕು. ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿದ್ದ ಜಕ್ಕೂರಿನ ಮೈದಾನವನ್ನು ಇಂದು ನಗರ ಸುತ್ತುವರಿದಿದೆ. ಬೆಳೆಯುವ ಪಟ್ಟಣದ ಕಣ್ಣಿಗೆ ವಿಮಾನದ ಮೈದಾನ ಬರಿದೇ ಬಿದ್ದ ನಿವೇಶನವಾಗಿ ಕಾಣುವುದು ಸಹಜ. ಅಲ್ಲಿ ಹಾರುವವರು ಬೆರಳೆಣಿಕೆಯ ಸಿರಿವಂತರು ಎಂಬ ಭಾವನೆ ಬೇರೂರಿದರೆ ಆ ನೆಲವನ್ನು ಉಳಿಸಲು ಯಾರೂ ಬಾಯಿ ತೆರೆಯಲಾರರು. ಹವ್ಯಾಸಿಯನ್ನು ಹೊರದೂಡಿದ ಕ್ಲಬ್ಬು ತನ್ನ ಪರವಾಗಿ ಮಾತನಾಡುವ ನೆರೆಹೊರೆಯನ್ನೂ ಕಳೆದುಕೊಳ್ಳುತ್ತದೆ. ಖರ್ಚಿನ ಏರಿಕೆ ತರುವ ಕೊನೆಯ ನಷ್ಟ ಇದು. ಯಾವ ಲೆಕ್ಕದ ಪುಸ್ತಕದಲ್ಲಿಯೂ ಇದು ಕಾಣುವುದಿಲ್ಲ.

ವೃತ್ತಿಯ ಪೈಲಟ್ ನಮ್ಮನ್ನು ಊರಿಂದೂರಿಗೆ ಕ್ಷೇಮವಾಗಿ ಮುಟ್ಟಿಸುತ್ತಾನೆ. ಅವನಿಗೆ ನಾವು ಋಣಿಗಳು. ಆದರೆ ಹೊಟ್ಟೆಪಾಡಿನ ಹಂಗಿಲ್ಲದೆ, ಮೋಡದ ಬದಿಗೆ ಒಮ್ಮೆ ಹೋಗಿಬರಬೇಕೆಂಬ ಒಂದೇ ಆಸೆಯಿಂದ ವಿದ್ಯೆ ಕಲಿಯುವವನೂ ಇರಬೇಕು. ಒಬ್ಬನೇ ಕೊಳ್ಳಲಾರದ್ದನ್ನು ಹತ್ತು ಜನ ಕೂಡಿ ಕೊಳ್ಳಬಹುದೆಂಬುದು ಕ್ಲಬ್ಬಿನ ಮೂಲ ತತ್ತ್ವ. ಸಹಕಾರ ಸಂಘಗಳನ್ನು ಕಟ್ಟಿ, ಚಂದಾ ಎತ್ತಿ ವಾಚನಾಲಯ ನಡೆಸಿದ ನಮ್ಮ ಊರುಗಳಿಗೆ ಈ ತತ್ತ್ವ ಹೊಸದಲ್ಲ. ಅದನ್ನು ಮರೆತ ದಿನ ಆಕಾಶದಲ್ಲಿ ವಿಲಾಸಿಗಳು ಉಳಿಯುವುದಿಲ್ಲ. ವಿಲಾಸ ಮಾತ್ರ ಉಳಿಯುತ್ತದೆ.